ರಾವಣನ ಪಶ್ಚಾತ್ತಾಪ: ಕಥನದಲ್ಲಿ ಕವಿಯ ಸಾಹಸ ಮತ್ತು ಗ್ರಂಥಸಂಪಾದಕನ ಹೊಣೆ

ಲೋಕಕ್ಕೆಲ್ಲ ತಿಳಿದಿರುವ ಕಥೆಯೊಂದನ್ನು ಮತ್ತೆ ಹೇಳಹೊರಟ ಕವಿಗೆ ಎರಡು ದಾರಿಗಳಿವೆ. ಕೇಳುವವರು ನಿರೀಕ್ಷಿಸಿದುದನ್ನೇ ಇಂಪಾಗಿ ಹೇಳುವುದು ಒಂದು. ಅವರು ಎಣಿಸದ ತಿರುವನ್ನು ಕಥೆಗೆ ಕೊಟ್ಟು, ಆ ತಿರುವೇ ನ್ಯಾಯವಾದುದೆಂದು ಅವರಿಂದ ಒಪ್ಪಿಸಿಕೊಳ್ಳುವುದು ಇನ್ನೊಂದು. ಮೊದಲನೆಯದರಲ್ಲಿ ಸೋತರೆ ಕವಿಗೆ ನೀರಸನೆಂಬ ಹೆಸರು ಬರುತ್ತದೆ. ಎರಡನೆಯದರಲ್ಲಿ ಸೋತರೆ ಸಂಪ್ರದಾಯವನ್ನು ಕೆಡಿಸಿದವನೆಂಬ ದೂರು ಬರುತ್ತದೆ. ಕನ್ನಡ ಸಾಹಿತ್ಯದ ಮೊದಲ ಶತಮಾನಗಳಲ್ಲಿ ಈ ಎರಡನೆಯ ದಾರಿಯನ್ನು ಹಿಡಿದವರಲ್ಲಿ ಬಹುಮಂದಿ ಜೈನ ಕವಿಗಳೆಂಬುದು ವಿದ್ವಾಂಸರಿಗೆ ಹೊಸ ಸಂಗತಿಯಲ್ಲ. ಆದರೆ ಅವರ ಸಾಹಸದ ಸ್ವರೂಪವೇನು, ಅದು ಸ್ವೇಚ್ಛೆಯಿಂದ ಹೇಗೆ ಬೇರೆಯಾಗುತ್ತದೆ, ಹಸ್ತಪ್ರತಿಗಳನ್ನು ಪರಿಶೋಧಿಸುವವರಿಗೆ ಅದರಿಂದ ಒದಗುವ ತೊಡಕುಗಳು ಯಾವುವು ಎಂಬ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡುವುದು ಅಗತ್ಯವಾಗಿದೆ. ಪ್ರಸ್ತುತ ಲೇಖನದ ಉದ್ದೇಶ ಅಷ್ಟೆ. ವಿವೇಚನೆಗೆ ಮುಖ್ಯ ನಿದರ್ಶನವಾಗಿ ರಾಮಕಥೆಯ ಒಂದೇ ಒಂದು ಸನ್ನಿವೇಶವನ್ನು, ಎಂದರೆ ರಾವಣನ ಮನಃಪರಿವರ್ತನೆಯನ್ನು, ಇಲ್ಲಿ ಆರಿಸಿಕೊಳ್ಳಲಾಗಿದೆ.

1. ತುಂಗೆಯ ದಡದ ಕಥಾಪರಂಪರೆ

ಈ ಸನ್ನಿವೇಶದ ಚರ್ಚೆಯನ್ನು ಮಲೆನಾಡಿನಿಂದ ಆರಂಭಿಸುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ರಾವಣನ ಪಶ್ಚಾತ್ತಾಪವನ್ನು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಕೈಗೆತ್ತಿಕೊಂಡು, ಹಿಂದಿನವರು ನಿಲ್ಲಿಸಿದ ಎಡೆಯಿಂದ ಮುಂದಕ್ಕೆ ಒಯ್ದ ಕವಿ ಕುವೆಂಪು. ಅವರು ಹುಟ್ಟಿದುದು 1904ರ ಡಿಸೆಂಬರ್ 29ರಂದು, ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದುದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಕಮ್ಮರಡಿ, ಹರಿಹರಪುರ, ಕೊಪ್ಪಗಳಿರುವ ಈ ಸೀಮೆ ವೈದಿಕ ಮಠಗಳ ನೆಲೆಯೆಂದು ಪ್ರಸಿದ್ಧವಾಗಿದ್ದರೂ ಜೈನಧರ್ಮದ ಹೆಜ್ಜೆಗಳು ಇಲ್ಲಿ ಆಳವಾಗಿಯೇ ಮೂಡಿವೆ. ಶೃಂಗೇರಿಯ ಪೇಟೆಯಲ್ಲಿಯೇ ಪಾರ್ಶ್ವನಾಥ ಬಸದಿಯಿದೆ. ಹಿಂದೆ ಎಡೆಹಳ್ಳಿಯೆಂದು ಕರೆಯುತ್ತಿದ್ದ ನರಸಿಂಹರಾಜಪುರದಲ್ಲಿ ಸಿಂಹನಗದ್ದೆಯ ಮಠವೂ ಜ್ವಾಲಾಮಾಲಿನೀ ದೇವಿಯ ಸನ್ನಿಧಿಯೂ ಇವೆ. ಇನ್ನೂ ಉತ್ತರಕ್ಕೆ ಸಾಂತರರ ರಾಜಧಾನಿಯಾಗಿದ್ದ ಹೊಂಬುಜ, ಪದ್ಮಾವತಿಯ ಕ್ಷೇತ್ರ.

ಈ ಸೀಮೆಯಲ್ಲಿ ಕಥೆ ಗ್ರಂಥದಲ್ಲಿ ಮಾತ್ರ ಉಳಿದುದಲ್ಲ. ಮಳೆಗಾಲದ ರಾತ್ರಿಗಳಲ್ಲಿ ಮನೆಯ ಜಗಲಿಯ ಮೇಲೆ ತಾಳಮದ್ದಳೆ ನಡೆಸುವ ರೂಢಿ ಮಲೆನಾಡಿನಲ್ಲಿ ಹಳೆಯದು. ತಾಳಮದ್ದಳೆಯ ಕ್ರಮ ನಮ್ಮ ವಿಷಯಕ್ಕೆ ಒಳ್ಳೆಯ ದೃಷ್ಟಾಂತವಾಗಬಲ್ಲುದು. ಭಾಗವತರು ಹಾಡುವ ಪ್ರಸಂಗದ ಪದ್ಯ ಮೊದಲೇ ಗೊತ್ತಾಗಿರುತ್ತದೆ, ಅದನ್ನು ಬದಲಿಸುವಂತಿಲ್ಲ. ಅರ್ಥಧಾರಿ ಆಡುವ ಮಾತು ಮಾತ್ರ ಆ ಕ್ಷಣದಲ್ಲಿ ಹುಟ್ಟಬೇಕಾದುದು. ರಾವಣನ ಪಾತ್ರ ವಹಿಸಿದವನು ರಾವಣನ ಪಕ್ಷವನ್ನು ಎಷ್ಟು ದೂರ ಬೇಕಾದರೂ ಸಮರ್ಥಿಸಬಹುದು, ಎದುರಾಳಿಯನ್ನು ನಿರುತ್ತರನನ್ನಾಗಿ ಮಾಡಬಹುದು. ಆದರೆ ಮುಂದಿನ ಪದ್ಯಕ್ಕೆ ಬಂದು ಸೇರಲೇಬೇಕು. ಕಟ್ಟು ಹರಿಯದೆ, ಕಟ್ಟಿನೊಳಗೇ ಎದುರಿಗಿದ್ದವರನ್ನು ಬೆರಗುಗೊಳಿಸುವ ಈ ಕಲೆಯನ್ನು ಬಲ್ಲವರಿಗೆ ಜೈನ ಪುರಾಣಕವಿಗಳ ಸಾಹಸ ಸುಲಭವಾಗಿ ಅರ್ಥವಾಗುತ್ತದೆ. ಅವರಿಗೆ ಪ್ರಸಂಗದ ಪದ್ಯದಂತೆ ನಿಂತಿದ್ದುದು ಆಗಮದ ಚೌಕಟ್ಟು, ತ್ರಿಷಷ್ಟಿ ಶಲಾಕಾಪುರುಷರ ವ್ಯವಸ್ಥೆ, ಕರ್ಮಸಿದ್ಧಾಂತ. ಅದರೊಳಗೆ ಅವರು ಆಡಿದ ಮಾತು ಅವರದೇ.

2. ಸಂದೇಹದಿಂದ ಹುಟ್ಟಿದ ಕಥೆ

ಜೈನ ರಾಮಕಥೆಗಳಲ್ಲಿ ಉಪಲಬ್ಧವಿರುವ ಅತಿ ಪ್ರಾಚೀನ ಕೃತಿ ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’. ವೀರನಿರ್ವಾಣದಿಂದ 530 ವರ್ಷಗಳಾದ ಮೇಲೆ ರಚಿತವಾಯಿತೆಂದು ಗ್ರಂಥದಲ್ಲಿಯೇ ಹೇಳಿದೆ. ಆಧುನಿಕ ವಿದ್ವಾಂಸರಲ್ಲಿ ಹಲವರು ಅದಕ್ಕಿಂತ ಈಚಿನ ಕಾಲವನ್ನು ಸೂಚಿಸಿದ್ದಾರೆ. ಕಾಲ ಯಾವುದಾದರೂ ಆಗಲಿ, ಅದರ ಆರಂಭ ಗಮನಾರ್ಹವಾದುದು. ಶ್ರೇಣಿಕ ಮಹಾರಾಜನಿಗೆ ಲೋಕದಲ್ಲಿ ಪ್ರಚಲಿತವಾದ ರಾಮಾಯಣದ ವಿಷಯದಲ್ಲಿ ಸಂದೇಹಗಳು ಏಳುತ್ತವೆ. ಸತ್ಕುಲದಲ್ಲಿ ಹುಟ್ಟಿದ ರಾಕ್ಷಸರು ಮಾಂಸ ತಿಂದು ರಕ್ತ ಕುಡಿಯುತ್ತಿದ್ದರೆ? ಕುಂಭಕರ್ಣ ಆರು ತಿಂಗಳು ನಿದ್ರಿಸಿದನೆ? ಬಲಿಷ್ಠರಾದ ರಾಕ್ಷಸರನ್ನು ಕಪಿಗಳು ಹೇಗೆ ಗೆದ್ದುವು? ಗೌತಮ ಗಣಧರರು ಈ ಸಂದೇಹಗಳಿಗೆ ಕೊಟ್ಟ ಉತ್ತರವೇ ಕಥೆಯಾಗಿ ಬೆಳೆಯುತ್ತದೆ.

ಎಲ್ಲರೂ ನಂಬಿದ ಕಥೆಯನ್ನು ಪ್ರಶ್ನಿಸುವುದರಿಂದಲೇ ಕಥೆಯನ್ನು ಆರಂಭಿಸುವುದು ಸಾಮಾನ್ಯ ಧೈರ್ಯವಲ್ಲ. ಇದರ ಫಲವಾಗಿ ರಾಕ್ಷಸರು ವಿದ್ಯಾಧರರಾದರು. ವಾನರರು ಕಪಿಧ್ವಜವನ್ನು ಧರಿಸಿದ ವಿದ್ಯಾಧರ ವಂಶದವರಾದರು. ದಶಮುಖನೆಂಬ ಹೆಸರಿಗೆ ಹತ್ತು ತಲೆಗಳ ಅಗತ್ಯವಿಲ್ಲದೆ, ಕೊರಳ ಹಾರದ ಒಂಬತ್ತು ರತ್ನಗಳಲ್ಲಿ ಮುಖ ಪ್ರತಿಬಿಂಬಿಸಿದುದೇ ಕಾರಣವಾಯಿತು. ರಾಮನು ಬಲದೇವ, ಲಕ್ಷ್ಮಣನು ವಾಸುದೇವ, ರಾವಣನು ಪ್ರತಿವಾಸುದೇವ. ಆದುದರಿಂದ ರಾವಣವಧೆ ನಡೆಯುವುದು ರಾಮನ ಕೈಯಿಂದಲ್ಲ, ಲಕ್ಷ್ಮಣನ ಕೈಯಿಂದ.

ಈ ಪರಂಪರೆಯನ್ನು ರವಿಷೇಣಾಚಾರ್ಯರು ಕ್ರಿ.ಶ. 677-78ರ ಸುಮಾರಿಗೆ ಸಂಸ್ಕೃತ ‘ಪದ್ಮಪುರಾಣ’ದಲ್ಲಿ ವಿಸ್ತರಿಸಿದರು. ಇದಕ್ಕಿಂತ ತೀರ ಭಿನ್ನವಾದ ಇನ್ನೊಂದು ಪರಂಪರೆ 9ನೆಯ ಶತಮಾನದ ಗುಣಭದ್ರಾಚಾರ್ಯರ ‘ಉತ್ತರಪುರಾಣ’ದಲ್ಲಿದೆ. ಅಲ್ಲಿ ಸೀತೆ ರಾವಣ ಮಂಡೋದರಿಯರ ಮಗಳು. ಕನ್ನಡದಲ್ಲಿ ಕ್ರಿ.ಶ. 978ರ ‘ಚಾವುಂಡರಾಯಪುರಾಣ’ ಗುಣಭದ್ರರನ್ನು ಅನುಸರಿಸಿದರೆ, ನಾಗಚಂದ್ರನು ವಿಮಲಸೂರಿ ರವಿಷೇಣರ ದಾರಿಯನ್ನು ಹಿಡಿದನು. ಒಂದೇ ಧರ್ಮದೊಳಗೆ, ಒಂದನ್ನೊಂದು ಹೊಂದದ ಎರಡು ರಾಮಕಥೆಗಳು ಶತಮಾನಗಳ ಕಾಲ ಜೊತೆಯಾಗಿ ಬದುಕಿದುವು. ಒಂದು ಇನ್ನೊಂದನ್ನು ಅಳಿಸಿಹಾಕಲಿಲ್ಲ. ಕಥಾಭೇದವನ್ನು ಧರ್ಮಭೇದವೆಂದು ಭಾವಿಸದ ಈ ಔದಾರ್ಯವಿಲ್ಲದಿದ್ದರೆ ನಾಗಚಂದ್ರನ ರಾವಣನಿಗೆ ಕನ್ನಡದಲ್ಲಿ ಎಡೆ ದೊರೆಯುತ್ತಿತ್ತೆಂದು ಹೇಳಲಾಗದು.

3. ನಾಗಚಂದ್ರನ ಸಾಹಸ

ಅಭಿನವಪಂಪನೆಂದು ಪ್ರಸಿದ್ಧನಾದ ನಾಗಚಂದ್ರನು 11ನೆಯ ಶತಮಾನದ ಅಂತ್ಯ ಮತ್ತು 12ನೆಯ ಶತಮಾನದ ಆದಿಭಾಗದಲ್ಲಿದ್ದವನು. ‘ಮಲ್ಲಿನಾಥಪುರಾಣ’ವೂ 16 ಆಶ್ವಾಸಗಳ ‘ರಾಮಚಂದ್ರಚರಿತಪುರಾಣ’ವೂ ಅವನ ಕೃತಿಗಳು. ಎರಡನೆಯದು ‘ಪಂಪರಾಮಾಯಣ’ವೆಂದೇ ರೂಢವಾಗಿದೆ.

ನಾಗಚಂದ್ರನ ರಾವಣನು ವ್ರತಧಾರಿ. ಒಲ್ಲದ ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂಬ ವ್ರತವನ್ನು ಅವನು ಅನಂತವೀರ್ಯ ಕೇವಲಿಯ ಸನ್ನಿಧಿಯಲ್ಲಿ ಸ್ವೀಕರಿಸಿದ್ದಾನೆ. ನಳಕೂಬರನ ಮಡದಿ ಉಪರಂಭೆ ತಾನಾಗಿ ಒಲಿದು ಬಂದಾಗಲೂ ಅವಳನ್ನು ನಿರಾಕರಿಸಿ ಗಂಡನೊಡನೆ ಬಾಳುವಂತೆ ಕಳುಹಿಸಿದವನು. ಇಂಥವನು ಸೀತೆಯನ್ನು ಕಂಡು ಮನಸೋಲುತ್ತಾನೆ. ಕವಿ ಇದನ್ನು ದುಷ್ಟಸ್ವಭಾವದ ಸಹಜ ಫಲವೆಂದು ಹೇಳುವುದಿಲ್ಲ. ಕಾಲವಶದಿಂದ ಸಮುದ್ರವೂ ಒಮ್ಮೆ ಮೇರೆ ಮೀರಬಹುದೆಂಬ ದೃಷ್ಟಾಂತವನ್ನು ಕೊಡುತ್ತಾನೆ. ಅಪಹರಣದ ಅನಂತರವೂ ವ್ರತ ಮುರಿಯುವುದಿಲ್ಲ. ಬಲಾತ್ಕಾರಕ್ಕೆ ಹೋಗದೆ, ಅವಳ ಒಪ್ಪಿಗೆಗಾಗಿ ಕಾದು, ಕಾಯುವುದರಲ್ಲಿಯೇ ರಾವಣ ಕ್ಷೀಣಿಸುತ್ತಾನೆ.

ಅನಂತರ ಬರುವುದೇ ನಮ್ಮ ಸನ್ನಿವೇಶ. ರಾವಣನು ಬಹುರೂಪಿಣೀ ವಿದ್ಯೆಯನ್ನು ಸಾಧಿಸಿಕೊಂಡು, ಗೆಲುವು ಖಚಿತವೆಂದು ನಂಬಿ ಸೀತೆಯ ಬಳಿಗೆ ಬರುತ್ತಾನೆ. ರಾಮಲಕ್ಷ್ಮಣರ ಪ್ರಾಣಕ್ಕೆ ಬಂದ ಅಪಾಯವನ್ನು ನೆನೆದು ಸೀತೆ ದೈನ್ಯದಿಂದ ಬೇಡಿಕೊಂಡು ಮೂರ್ಛೆ ಹೋಗುತ್ತಾಳೆ. ಆ ಕ್ಷಣದಲ್ಲಿ ರಾವಣನ ಮನಸ್ಸು ತಿಳಿಯಾಗುತ್ತದೆ. ತಾನು ಮಾಡಿದುದು ಅಕಾರ್ಯವೆಂದು ಅವನಿಗೆ ಹೊಳೆಯುತ್ತದೆ. ವಿಭೀಷಣನ ಹಿತವಚನವನ್ನು ತಳ್ಳಿಹಾಕಿದುದಕ್ಕಾಗಿ ಪರಿತಪಿಸುತ್ತಾನೆ. ಸೀತೆಯನ್ನು ಹಿಂದಿರುಗಿಸಲು ನಿಶ್ಚಯಿಸುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಲೋಕ ಅದನ್ನು ಅಂಜಿಕೆಯೆಂದು ತಿಳಿಯುತ್ತದೆ. ಆದುದರಿಂದ ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೆರೆಹಿಡಿದು, ಗೆದ್ದವನ ಕೈಯಿಂದಲೇ ಸೀತೆಯನ್ನು ಕೊಟ್ಟು ಕಳುಹಿಸಬೇಕು. ಈ ಸಂಕಲ್ಪದೊಡನೆ ರಣರಂಗಕ್ಕೆ ಹೋದವನು ಹಿಂದಿರುಗುವುದಿಲ್ಲ.

ಈ ಸನ್ನಿವೇಶದ ಬೀಜ ವಿಮಲಸೂರಿಯಲ್ಲಿಯೇ ಇದೆ. ನಾಗಚಂದ್ರನ ಸ್ವಂತ ಕಲ್ಪನೆಯೆಂದು ಹೇಳುವುದು ಸರಿಯಲ್ಲ. ನಾಗಚಂದ್ರನ ಸಾಹಸವಿರುವುದು ಅದಕ್ಕೆ ಕೊಟ್ಟ ಸ್ಥಾನದಲ್ಲಿ. ದೀರ್ಘವಾದ ಪುರಾಣದಲ್ಲಿ ನೂರು ಘಟನೆಗಳ ನಡುವೆ ಒಂದಾಗಿದ್ದುದನ್ನು ಅವನು ಕಾವ್ಯದ ತಿರುಗಣಿಯಾಗಿ ಮಾಡಿದನು. ಪ್ರತಿನಾಯಕನು ಸಾಯುವ ಮೊದಲೇ ನೈತಿಕವಾಗಿ ಗೆದ್ದುಬಿಡುತ್ತಾನೆ. ವಧೆ ನಡೆಯುವ ವೇಳೆಗೆ ವಧೆಗೆ ಕಾರಣವಾದ ಪಾಪಬುದ್ಧಿ ಅವನಲ್ಲಿ ಉಳಿದಿಲ್ಲ. ಉಳಿದಿರುವುದು ಅಭಿಮಾನವೆಂಬ ಒಂದು ಕಷಾಯ ಮಾತ್ರ, ಕೊಲ್ಲುವುದು ಅದೇ. ಬಿ.ಎಂ. ಶ್ರೀಕಂಠಯ್ಯನವರು ಈ ರಾವಣನಲ್ಲಿ ಗ್ರೀಕ್ ನಾಟಕಗಳ ದುರಂತನಾಯಕನ ಲಕ್ಷಣಗಳನ್ನು ಗುರುತಿಸಿದುದು ಪ್ರಸಿದ್ಧವೇ ಆಗಿದೆ. ಆ ಹೋಲಿಕೆ ಉಚಿತವಾದರೂ ಈ ಪಾತ್ರವನ್ನು ತಿಳಿಯಲು ಗ್ರೀಸಿನ ವರೆಗೆ ಹೋಗಲೇಬೇಕಾಗಿಲ್ಲ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಒಂದು ಉಪಶಮಗೊಂಡರೂ ಇನ್ನೊಂದು ಜೀವವನ್ನು ಬಂಧಿಸಬಲ್ಲುದೆಂಬ ತತ್ತ್ವದ ಕಥಾರೂಪ ಇದು. ಹೀಗೆ ಕವಿಯ ಅತಿ ದಿಟ್ಟ ತಿರುವೇ ಸಿದ್ಧಾಂತದ ಅತಿ ಸ್ಪಷ್ಟ ನಿರೂಪಣೆಯೂ ಆಗಿದೆ.

4. ಸಾಹಸಕ್ಕೆ ತೆರಬೇಕಾದ ಬೆಲೆ

ಕಥೆಯನ್ನು ಒಂದೆಡೆ ತಿರುಗಿಸಿದ ಕವಿ ಅದರ ಪರಿಣಾಮಗಳನ್ನು ಕಾವ್ಯದುದ್ದಕ್ಕೂ ನಿರ್ವಹಿಸಬೇಕಾಗುತ್ತದೆ. ಇದನ್ನು ತಿಳಿಯಲು ನಾಗಚಂದ್ರನಿಗಿಂತ ಹಿಂದಿನ ಪಂಪ ರನ್ನರನ್ನೂ ಈಚಿನ ಜನ್ನನನ್ನೂ ಜೊತೆಗಿಟ್ಟು ನೋಡುವುದು ಉಪಯುಕ್ತ.

ಪಂಪನು ತನ್ನ ಎರಡು ಕೃತಿಗಳನ್ನು ಆಗಮಿಕ, ಲೌಕಿಕ ಎಂದು ಬೇರ್ಪಡಿಸಿಕೊಂಡನು. ಕ್ರಿ.ಶ. 941ರ ‘ಆದಿಪುರಾಣ’ದಲ್ಲಿ ಪರಂಪರೆಯ ಕಥೆಯನ್ನು ನಿಷ್ಠೆಯಿಂದ ಪಾಲಿಸಿದವನು ‘ವಿಕ್ರಮಾರ್ಜುನವಿಜಯ’ದಲ್ಲಿ ಎರಡು ದೊಡ್ಡ ಸಾಹಸಗಳಿಗೆ ಕೈಹಾಕಿದನು. ವೇಮುಲವಾಡದ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ನಿಲ್ಲಿಸಿದುದು ಒಂದು. ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯನ್ನಾಗಿ ಮಾಡಿದುದು ಇನ್ನೊಂದು. ಎರಡನೆಯದರ ಬೆಲೆ ಕಾವ್ಯದಲ್ಲಿ ಕಾಣುತ್ತದೆ. ದ್ರೌಪದಿಯ ಮುಡಿಯನ್ನು ಕಟ್ಟುವ ಪ್ರತಿಜ್ಞೆ ಭೀಮನದಾಗಿಯೇ ಉಳಿಯಿತು. ಅವಳು ಅರ್ಜುನನ ಸತಿ ಮಾತ್ರವಾದರೆ ಆ ಪ್ರತಿಜ್ಞೆಯ ಭಾರವನ್ನು ಹೊರಬೇಕಾದವನು ಅರ್ಜುನ. ಕಡೆಗೆ ಪಟ್ಟಾಭಿಷೇಕದಲ್ಲಿ ಅರ್ಜುನನೊಡನೆ ಕೂರುವವಳು ಸುಭದ್ರೆ. ಹೊಸ ವ್ಯವಸ್ಥೆಗೂ ಹಳೆಯ ಕಥೆಗೂ ನಡುವಣ ಬೆಸುಗೆ ಅಲ್ಲಲ್ಲಿ ಎದ್ದು ಕಾಣುತ್ತದೆ. ಆದರೂ ಕಾವ್ಯ ಕುಸಿಯುವುದಿಲ್ಲ. ಕರ್ಣನಂಥ ಪಾತ್ರವನ್ನು ಕಟ್ಟಿದ ಕವಿಯ ಶಕ್ತಿ ಆ ಬಿರುಕುಗಳ ಮೇಲೆ ನಿಂತೇ ನಡೆಯುತ್ತದೆ.

ರನ್ನನ ‘ಗದಾಯುದ್ಧ’ದಲ್ಲಿ ಸಾಹಸ ಇನ್ನೊಂದು ಬಗೆಯದು. ಚಾಳುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಹೋಲಿಸಿ ಬರೆದ ಕಾವ್ಯವಾದುದರಿಂದ ನಾಯಕ ಭೀಮ. ಇಡೀ ಭಾರತಯುದ್ಧವನ್ನು ಅದರ ಕೊನೆಯ ಘಟ್ಟದಲ್ಲಿ ನಿಂತು ಸಿಂಹಾವಲೋಕನ ಕ್ರಮದಿಂದ ಹಿಂದಿರುಗಿ ನೋಡುವ ರಚನೆಯೇ ಆ ಕಾಲಕ್ಕೆ ಹೊಸದು. ಆದರೆ ರಣರಂಗದಲ್ಲಿ ತನ್ನವರ ಶವಗಳ ನಡುವೆ ನಡೆಯುವ ದುರ್ಯೋಧನನು ಓದುವವರ ಮನಸ್ಸನ್ನು ಸೆಳೆದುಕೊಳ್ಳುತ್ತಾನೆ. ಆಶ್ರಯದಾತನ ಕೀರ್ತಿಗಾಗಿ ಬರೆದ ಕಾವ್ಯದಲ್ಲಿ ಪ್ರತಿನಾಯಕನಿಗೆ ಇಷ್ಟು ಎತ್ತರ ಕೊಡುವುದು ರಾಜಸಭೆಯಲ್ಲಿ ಕವಿ ಎದುರಿಸಬಹುದಾದ ನಿಜವಾದ ಅಪಾಯ.

ಕ್ರಿ.ಶ. 1209ರ ಜನ್ನನ ‘ಯಶೋಧರಚರಿತೆ’ಯ ಸಾಹಸ ಧರ್ಮೋಪದೇಶದ ಒಳಗೇ ನಡೆಯುವುದು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯೂ ಜನ್ಮಾಂತರಗಳ ದುಃಖಕ್ಕೆ ಕಾರಣವಾಗುವುದೆಂಬುದು ಕಥೆಯ ಸಾರ. ಸಂಸ್ಕೃತದಲ್ಲಿ ವಾದಿರಾಜರು ಹೇಳಿದ ಕಥೆಯನ್ನೇ ಜನ್ನನು ಅನುಸರಿಸಿದ್ದರೂ, ಅಮೃತಮತಿಯು ವಿಕಾರರೂಪಿಯಾದ ಮಾವುತನ ಹಾಡಿಗೆ ಮನಸೋಲುವ ಸನ್ನಿವೇಶದಲ್ಲಿ ಅವನ ಲೇಖನಿ ನಿಂದೆಗೆ ಅವಸರಪಡುವುದಿಲ್ಲ. ಮನಸ್ಸಿನ ಗತಿಯನ್ನು ಇದ್ದಂತೆ ನೋಡುತ್ತದೆ. ಉಪದೇಶ ದುರ್ಬಲವಾಗಬಹುದೆಂಬ ಅಪಾಯವನ್ನು ಕವಿ ಒಪ್ಪಿಕೊಂಡುದರಿಂದಲೇ ಉಪದೇಶ ಗಟ್ಟಿಯಾಗಿದೆ. ಎಂಟುನೂರು ವರ್ಷಗಳ ಬಳಿಕವೂ ಆ ಸನ್ನಿವೇಶದ ಶಕ್ತಿ ಕುಂದಿಲ್ಲವೆಂಬುದಕ್ಕೆ ಗಿರೀಶ ಕಾರ್ನಾಡರು 1980ರಲ್ಲಿ ಈ ವಸ್ತುವಿನ ಮೇಲೆ ರಚಿಸಿದ ‘ಹಿಟ್ಟಿನ ಹುಂಜ’ ನಾಟಕ ಸಾಕ್ಷಿ.

ಈ ಮೂವರಿಂದ ತಿಳಿಯುವುದು ಇಷ್ಟು. ಪಂಪನಲ್ಲಿ ಸಾಹಸ ಕಥೆಯ ಸಂಬಂಧಗಳನ್ನೇ ಬದಲಿಸಿತು. ಅದಕ್ಕೆ ಪೂರ್ತಿ ಬೆಲೆ ತೆರುವುದು ಅವನಿಗೂ ಸಾಧ್ಯವಾಗಲಿಲ್ಲ. ರನ್ನನಲ್ಲಿ ಅದು ಕಥೆಯ ಕಾಲಕ್ರಮವನ್ನೂ ಒಲವಿನ ದಿಕ್ಕನ್ನೂ ಬದಲಿಸಿತು. ಜನ್ನನಲ್ಲಿ ಕಥೆ ಬದಲಾಗಲಿಲ್ಲ, ನೋಟ ಬದಲಾಯಿತು. ನಾಗಚಂದ್ರನಲ್ಲಿ ಒಂದು ಸನ್ನಿವೇಶದ ತೂಕ ಬದಲಾಯಿತು. ಅವನು ಬಾಲ್ಯದಿಂದಲೇ ರಾವಣನ ವ್ರತನಿಷ್ಠೆಯನ್ನೂ ಔದಾರ್ಯವನ್ನೂ ಬಿತ್ತಿಕೊಂಡು ಬಂದುದರಿಂದ ಪಶ್ಚಾತ್ತಾಪ ಹಠಾತ್ತಾಗಿ ಬಂದರೂ ಅಕಾರಣವೆನಿಸುವುದಿಲ್ಲ. ಅನಿರೀಕ್ಷಿತವೆನಿಸಬೇಕು, ಆದರೆ ಹಿಂದಿರುಗಿ ನೋಡಿದರೆ ಅದು ಹಾಗಲ್ಲದೆ ಬೇರೆ ರೀತಿ ಆಗಲು ಸಾಧ್ಯವಿರಲಿಲ್ಲವೆನಿಸಬೇಕು.

5. ಮಲೆನಾಡಿನ ಕವಿಯ ಮುಂದಿನ ಹೆಜ್ಜೆ

ಕುವೆಂಪು ಅವರ ‘ಶ್ರೀ ರಾಮಾಯಣದರ್ಶನಂ’ 1949ರಲ್ಲಿ ಪ್ರಕಟವಾಗತೊಡಗಿತು. ಅದಕ್ಕೆ 1955ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ದೊರೆಯಿತು. 1967ನೆಯ ವರ್ಷದ ಜ್ಞಾನಪೀಠ ಪ್ರಶಸ್ತಿಯನ್ನು ಗುಜರಾತಿಯ ಉಮಾಶಂಕರ ಜೋಶಿಯವರೊಡನೆ ಕುವೆಂಪು ಹಂಚಿಕೊಂಡರು. ಮೈಸೂರಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಅವರಿಗೆ ನಾಗಚಂದ್ರನ ಕೃತಿ ಅಪರಿಚಿತವಾಗಿರಲಿಲ್ಲ. ಕಾವ್ಯವನ್ನು ಅವರು ತಮ್ಮ ಗುರುಗಳಾದ ಟಿ.ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದರು.

ಈ ಕಾವ್ಯದ ಮೂಲ ಚೌಕಟ್ಟು ವಾಲ್ಮೀಕಿಯದು; ಜೈನ ರಾಮಕಥೆಯದಲ್ಲ. ಇಲ್ಲಿ ರಾವಣನನ್ನು ಕೊಲ್ಲುವವನು ರಾಮನೇ. ಆದರೆ ರಾವಣನ ಅಂತರಂಗದ ಚಿತ್ರಣದಲ್ಲಿ ಕವಿ ನಡೆದುದು ನಾಗಚಂದ್ರನು ತೆರೆದ ದಾರಿಯಲ್ಲಿ. ‘ದಶಾನನ ಸ್ವಪ್ನಸಿದ್ಧಿ’ ಎಂಬ ಸಂಚಿಕೆಯಲ್ಲಿ ರಾವಣನ ಮನಃಪರಿವರ್ತನೆ ಕನಸಿನ ಮೂಲಕ ಪೂರ್ಣವಾಗುತ್ತದೆ. ಸೀತೆ ಅವನಿಗೆ ಕಾಮ್ಯವಸ್ತುವಾಗಿ ಉಳಿಯದೆ ತಾಯಿಯಾಗುತ್ತಾಳೆ. ತಾನೂ ಕುಂಭಕರ್ಣನೂ ಅವಳ ಮಡಿಲ ಮಕ್ಕಳಾಗುವುದನ್ನು ಅವನು ಕಾಣುತ್ತಾನೆ. ಆದರೂ ಅವನು ಯುದ್ಧದಿಂದ ಹಿಂದೆಗೆಯುವುದಿಲ್ಲ.

ನಾಗಚಂದ್ರನ ರಾವಣನ ಪಶ್ಚಾತ್ತಾಪ ಈ ಜನ್ಮದಲ್ಲಿಯೇ ನಿಂತರೆ, ಕುವೆಂಪು ಅವರ ರಾವಣನದು ಮುಂದಿನ ಜನ್ಮಕ್ಕೆ ಚಾಚುತ್ತದೆ. ಸಾಹಿತ್ಯ ವಿಮರ್ಶಕರು ಇದನ್ನು ಆಧುನಿಕ ಕವಿಯ ದರ್ಶನವೆಂದು ವಿವರಿಸಿದ್ದಾರೆ. ಜೈನ ಪುರಾಣಗಳನ್ನು ಓದಿದವರಿಗೆ ಇದರಲ್ಲಿ ಒಂದು ಪರಿಚಿತ ದನಿ ಕೇಳಿಸದಿರದು. ರವಿಷೇಣರ ಕಥೆಯಲ್ಲಿ ಸೀತೆ ತಪಸ್ಸಿನಿಂದ ಅಚ್ಯುತ ಸ್ವರ್ಗದಲ್ಲಿ ಪ್ರತೀಂದ್ರಪದವಿಯನ್ನು ಪಡೆದು, ನರಕದಲ್ಲಿರುವ ರಾವಣ ಲಕ್ಷ್ಮಣರ ಬಳಿಗೆ ಹೋಗಿ ಅವರಿಗೆ ಧರ್ಮಬೋಧೆ ಮಾಡುತ್ತಾಳೆ. ಅಪಹರಿಸಿದವನ ಉದ್ಧಾರಕ್ಕೆ ಅಪಹೃತಳೇ ಬರುವ ಈ ಕಲ್ಪನೆ, ವೈರವನ್ನು ಭವಾವಳಿಯ ದೀರ್ಘದೃಷ್ಟಿಯಿಂದ ನೋಡುವ ಪರಂಪರೆಯಲ್ಲಿ ಮಾತ್ರ ಹುಟ್ಟಬಲ್ಲುದು. ಕುವೆಂಪು ಈ ಪ್ರಸಂಗವನ್ನೇ ಅನುಸರಿಸಿದರೆಂದು ನಮ್ಮ ವಾದವಲ್ಲ. ಎರಡು ಕಾಲದ, ಎರಡು ಶ್ರದ್ಧೆಗಳ ಕವಿಗಳು ಒಂದೇ ಪ್ರಶ್ನೆಗೆ ಒಂದೇ ಬಗೆಯ ಉತ್ತರವನ್ನು ಕಂಡುಕೊಂಡರೆಂಬುದೇ ಸಾಕಷ್ಟು ಮಹತ್ತ್ವದ ಸಂಗತಿ. ಪ್ರಶ್ನೆ ಇದು: ತಪ್ಪನ್ನು ಅರಿತವನಿಗೆ ಕಥೆಯಲ್ಲಿ ಎಡೆ ಎಲ್ಲಿ?

ಅಗ್ನಿಪರೀಕ್ಷೆಯ ಸಂದರ್ಭದಲ್ಲಿಯೂ ಕುವೆಂಪು ಇದೇ ಧೈರ್ಯವನ್ನು ತೋರಿದರು. ಅವರ ಕಾವ್ಯದಲ್ಲಿ ಸೀತೆಯೊಡನೆ ರಾಮನೂ ಬೆಂಕಿಯನ್ನು ಹೊಗುತ್ತಾನೆ. ಆ ಒಂದು ಹೆಜ್ಜೆಯಿಂದ ಪರೀಕ್ಷಿಸುವವನು ಪರೀಕ್ಷೆಗೆ ಒಳಗಾಗುತ್ತಾನೆ. ಕಥೆಯ ಉಳಿದ ಯಾವ ಕಟ್ಟೂ ಹರಿಯುವುದಿಲ್ಲ. ಭಾಗವತರ ಪದ್ಯ ಬದಲಾಗದೆ ಅರ್ಥ ಬದಲಾದಂತೆ.

6. ಗ್ರಂಥಸಂಪಾದಕನ ಹೊಣೆ

ಇಷ್ಟು ವಿವೇಚನೆ ಹಸ್ತಪ್ರತಿಶಾಸ್ತ್ರಕ್ಕೆ ಹೇಗೆ ಸಂಬಂಧಿಸುತ್ತದೆಂದು ವಾಚಕರು ಕೇಳಬಹುದು. ಸಂಬಂಧ ನೇರವಾಗಿಯೇ ಇದೆ. ಮಲೆನಾಡಿನಂಥ ಅತಿವೃಷ್ಟಿಯ ಸೀಮೆಯಲ್ಲಿ ಓಲೆಗರಿ ಬಹುಕಾಲ ಬಾಳುವುದು ಕಷ್ಟ. ತೇವವೂ ಹುಳುವೂ ಅದರ ಶತ್ರುಗಳು. ಆದುದರಿಂದ ಗ್ರಂಥವುಳಿಯಬೇಕಾದರೆ ಕೆಲವು ತಲೆಮಾರುಗಳಿಗೊಮ್ಮೆ ಹೊಸ ಗರಿಗಳಿಗೆ ಕಂಠದಿಂದ ಮತ್ತೆ ಪ್ರತಿಮಾಡಲೇಬೇಕು. ಪ್ರತಿಯ ಪ್ರತಿಯಾದಂತೆಲ್ಲ ಲಿಪಿಕಾರನ ಕಣ್ಣು, ಕೈ, ಮನಸ್ಸು ಪಾಠದ ಮೇಲೆ ಕೆಲಸ ಮಾಡುತ್ತವೆ. ಕಣ್ಣಿನ ತಪ್ಪುಗಳನ್ನೂ ಕೈಯ ತಪ್ಪುಗಳನ್ನೂ ಗುರುತಿಸುವ ಕ್ರಮ ನಮಗೆ ಗೊತ್ತಿದೆ. ಮನಸ್ಸಿನ ‘ತಿದ್ದುಪಡಿ’ಗಳು ಹೆಚ್ಚು ಸೂಕ್ಷ್ಮವಾದುವು. ಕವಿಯ ದಿಟ್ಟ ತಿರುವು ಶ್ರದ್ಧಾಳುವಾದ ಲಿಪಿಕಾರನಿಗೆ ಹಿಂದಿನ ಪ್ರತಿಕಾರನ ಪ್ರಮಾದದಂತೆ ಕಾಣುವ ಸಂಭವವಿದೆ. ತನಗೆ ತಿಳಿದ ಕಥೆಗೆ ಸರಿಹೊಂದುವಂತೆ ಒಂದು ಪದವನ್ನು ಬದಲಿಸಿ, ಒಂದು ಪದ್ಯವನ್ನು ಬಿಟ್ಟು, ಒಂದು ವಚನವನ್ನು ಸೇರಿಸಿ ಅವನು ಪುಣ್ಯಕಾರ್ಯ ಮಾಡಿದೆನೆಂದೇ ಭಾವಿಸಬಹುದು.

ಆಧುನಿಕ ಸಂಪಾದಕನೂ ಈ ದೋಷದಿಂದ ಮುಕ್ತನಲ್ಲ. ಪೂರ್ವಾಪರವಿರುದ್ಧವೆಂದು ತೋರಿದ ಭಾಗವನ್ನೆಲ್ಲ ಪ್ರಕ್ಷಿಪ್ತವೆಂದು ಕಂಸದೊಳಕ್ಕೆ ತಳ್ಳುವ ಪ್ರವೃತ್ತಿ ವಿದ್ವತ್ತಿನ ವೇಷದಲ್ಲಿರುವ ಅದೇ ಲಿಪಿಕಾರನ ಮನಸ್ಸು. ಕ್ಲಿಷ್ಟಪಾಠಕ್ಕೆ ಮನ್ನಣೆ ಕೊಡಬೇಕೆಂಬ ಸೂತ್ರವನ್ನು ಪದಗಳ ಮಟ್ಟದಲ್ಲಿ ನಾವು ಒಪ್ಪಿದ್ದೇವೆ. ಅದನ್ನು ಕಥೆಯ ಮಟ್ಟಕ್ಕೂ ಅನ್ವಯಿಸಬೇಕೆಂಬುದು ಇಲ್ಲಿಯ ಸೂಚನೆ. ಸುಲಭವಾದ ಕಥೆಯಿಂದ ಕಠಿನವಾದ ಕಥೆ ಹುಟ್ಟಿತೆನ್ನುವುದಕ್ಕಿಂತ, ಕಠಿನವಾದುದನ್ನು ಯಾರೋ ಸುಲಭಗೊಳಿಸಿದರೆನ್ನುವುದು ಅನೇಕ ವೇಳೆ ಹೆಚ್ಚು ಸಂಭಾವ್ಯ.

ಆದರೆ ಬೆರಗುಗೊಳಿಸುವುದೆಲ್ಲ ಕವಿಯದೇ ಎಂದು ಹೇಳುವುದೂ ಅತಿರೇಕ. ಕವಿಯ ಸಾಹಸವನ್ನು ಪ್ರಕ್ಷೇಪದಿಂದ ಬೇರ್ಪಡಿಸಲು ಮೂರು ಪರೀಕ್ಷೆಗಳನ್ನು ಸೂಚಿಸಬಹುದು. ಮೊದಲನೆಯದು ಬೀಜದ ಪರೀಕ್ಷೆ. ಅನಿರೀಕ್ಷಿತ ತಿರುವಿಗೆ ಕೃತಿಯಲ್ಲಿ ಮೊದಲೇ ಎಲ್ಲಿಯಾದರೂ ಸಿದ್ಧತೆಯಿದೆಯೆ? ರಾವಣನ ಪಶ್ಚಾತ್ತಾಪಕ್ಕೆ ವ್ರತಸ್ವೀಕಾರವೂ ಉಪರಂಭೆಯ ಪ್ರಸಂಗವೂ ಬೀಜಗಳಾಗಿವೆ. ಎರಡನೆಯದು ಫಲದ ಪರೀಕ್ಷೆ. ತಿರುವಿನ ಅನಂತರ ಕಥೆ ಅದರ ಭಾರವನ್ನು ಹೊರುತ್ತದೆಯೆ, ಇಲ್ಲವೆ ಏನೂ ನಡೆಯದಂತೆ ಮುಂದುವರಿಯುತ್ತದೆಯೆ? ರಾವಣನ ಕೊನೆಯ ಯುದ್ಧದ ಉದ್ದೇಶವೇ ಬದಲಾಗಿರುವುದರಿಂದ ಈ ಪರೀಕ್ಷೆಯಲ್ಲಿಯೂ ಪ್ರಸಂಗ ತೇರ್ಗಡೆಯಾಗುತ್ತದೆ. ಮೂರನೆಯದು ಮಾತೃಕೆಗಳ ಪರೀಕ್ಷೆ. ಪರಸ್ಪರ ಸಂಬಂಧವಿಲ್ಲದ ಪ್ರತಿಗಳ ಗುಂಪುಗಳಲ್ಲಿ ಆ ಭಾಗವಿದೆಯೆ? ಮೂಲವಾದ ಪ್ರಾಕೃತ, ಸಂಸ್ಕೃತ ಕೃತಿಗಳು ಅದನ್ನು ಸಮರ್ಥಿಸುತ್ತವೆಯೆ?

ಪಂಪನ ಉದಾಹರಣೆ ಇಲ್ಲಿ ಎಚ್ಚರಿಕೆಯಾಗಿ ನಿಲ್ಲುತ್ತದೆ. ದ್ರೌಪದಿಯ ವಿಷಯದಲ್ಲಿ ಅವನ ಕಾವ್ಯ ಫಲದ ಪರೀಕ್ಷೆಯಲ್ಲಿ ಪೂರ್ತಿಯಾಗಿ ಗೆಲ್ಲುವುದಿಲ್ಲ. ಅಷ್ಟರಿಂದಲೇ ಭೀಮಪ್ರತಿಜ್ಞೆಯ ಭಾಗ ಪಂಪನದಲ್ಲವೆಂದು ಯಾರೂ ಹೇಳಲಾರರು. ಸಾಹಸ ಮಾಡಿದ ಕವಿಯ ಕೃತಿಯಲ್ಲಿ ಬೆಸುಗೆಯ ಗುರುತುಗಳು ಉಳಿಯುವುದು ಸಹಜ. ಅವನ್ನು ಒರೆಸಿ ನುಣುಪು ಮಾಡುವುದು ಸಂಪಾದಕನ ಕೆಲಸವಲ್ಲ. ಇದ್ದಂತೆ ತೋರಿಸಿ, ಅಡಿಟಿಪ್ಪಣಿಯಲ್ಲಿ ವಿವರಿಸುವುದಷ್ಟೇ ಅವನ ಕರ್ತವ್ಯ. ಮೂರು ಪರೀಕ್ಷೆಗಳೂ ಕೂಡಿಯೇ ಪ್ರಮಾಣವಾಗಬೇಕಲ್ಲದೆ ಯಾವುದೊಂದೂ ತಾನಾಗಿ ತೀರ್ಪಾಗಬಾರದು.

7. ಒಂದು ಸೂಚನೆ

ನಮ್ಮ ವರ್ಣನಾತ್ಮಕ ಹಸ್ತಪ್ರತಿಸೂಚಿಗಳಲ್ಲಿ ಗ್ರಂಥದ ಹೆಸರು, ಕರ್ತೃ, ಗರಿಗಳ ಸಂಖ್ಯೆ, ಅಳತೆ, ಪಂಕ್ತಿಗಳ ಸಂಖ್ಯೆ, ಆದಿ ಮತ್ತು ಅಂತ್ಯ ಭಾಗಗಳು, ಲಿಪಿಕಾರನ ಪ್ರಶಸ್ತಿ ಇವನ್ನು ನಮೂದಿಸುವ ಸಂಪ್ರದಾಯ ಬೆಳೆದುಬಂದಿದೆ. ಗ್ರಂಥವನ್ನು ಗುರುತಿಸಲು ಇವು ಸಾಕು. ಆದರೆ ಕಥಾಗ್ರಂಥದ ಸತ್ತ್ವ ಆದ್ಯಂತಗಳಲ್ಲಿರುವುದಿಲ್ಲ. ಆದಿಯಲ್ಲಿ ಜಿನಸ್ತುತಿ, ಅಂತ್ಯದಲ್ಲಿ ಫಲಶ್ರುತಿ. ನಡುವೆ ಎಲ್ಲಿ ರಾವಣ ಪಶ್ಚಾತ್ತಾಪಪಟ್ಟನೋ, ಎಲ್ಲಿ ಪಡಲಿಲ್ಲವೋ ಸೂಚಿಯನ್ನು ನೋಡಿದವರಿಗೆ ತಿಳಿಯುವುದಿಲ್ಲ. ಆದುದರಿಂದ ಕಥಾಗ್ರಂಥಗಳಿಗೆ ಸಂಬಂಧಿಸಿದಂತೆ ‘ಕಥಾಭೇದ’ವೆಂಬ ಒಂದು ಅಂಕಣವನ್ನು ಸೇರಿಸುವುದು ಯೋಗ್ಯವೆಂದು ತೋರುತ್ತದೆ. ಮುಖ್ಯ ಸನ್ನಿವೇಶಗಳಲ್ಲಿ ಈ ಪ್ರತಿ ತಿಳಿದ ಪಾಠದಿಂದ ಎಲ್ಲಿ ಬೇರೆಯಾಗುತ್ತದೆ, ಯಾವ ಗರಿಯಲ್ಲಿ ಎಂಬುದನ್ನು ಎರಡು ಮೂರು ಸಾಲುಗಳಲ್ಲಿ ಬರೆದಿಟ್ಟರೂ ಸಾಕು. ಅಪೂರ್ಣವಾದ, ಆದ್ಯಂತಗಳು ಕಳೆದುಹೋದ ಪ್ರತಿಗಳಿಗೆ ಇದರಿಂದ ವಿಶೇಷವಾದ ಬೆಲೆ ಬರುತ್ತದೆ. ಮೊದಲ ಗರಿಯೂ ಕೊನೆಯ ಗರಿಯೂ ಇಲ್ಲದ ಒಂದು ಕಟ್ಟಿನಲ್ಲಿ ರಾವಣನ ಪ್ರಸಂಗದ ನಾಲ್ಕು ಗರಿಗಳು ಉಳಿದಿದ್ದರೆ, ಆ ಕಟ್ಟು ಯಾವ ಪರಂಪರೆಗೆ ಸೇರಿತೆಂದು ಆ ನಾಲ್ಕರಿಂದಲೇ ನಿರ್ಣಯಿಸಬಹುದು.

ತುಂಗೆಯ ಎರಡು ದಡಗಳ ಬಸದಿ, ಮಠ, ಹಳೆಯ ಮನೆಗಳ ಗ್ರಂಥಗಳ ವಿಷಯದಲ್ಲಿ ಈ ಕೆಲಸಕ್ಕೆ ತಡಮಾಡಲಾಗದು. ಅಲ್ಲಿಯ ಮಳೆ ಯಾವ ಸಂಶೋಧಕನಿಗೂ ಕಾಯುವುದಿಲ್ಲ. ಪೂರ್ವಕವಿಗಳು ಪರಂಪರೆಯ ಮೇಲೆ ಶ್ರದ್ಧೆಯಿಟ್ಟೇ ಅದನ್ನು ಹೊಸದಾಗಿ ಹೇಳುವ ಅಪಾಯಕ್ಕೆ ತಮ್ಮನ್ನು ಒಡ್ಡಿಕೊಂಡರು. ಅವರು ಎಲ್ಲಿ ಹೊಸತನ್ನು ಹೇಳಿದರೋ ಆ ಎಡೆಯೇ ಪ್ರತಿಕಾರರ ಕೈಯಲ್ಲಿ ಮೊದಲು ಅಳಿಯುವ ಎಡೆಯೂ ಹೌದೆಂಬುದನ್ನು ನೆನಪಿನಲ್ಲಿಟ್ಟು ವಿದ್ವಾಂಸರು ಈ ಸೂಚನೆಯನ್ನು ಪರಿಶೀಲಿಸಬೇಕೆಂದು ವಿನಂತಿ.